ವಾರಗಿತ್ತಿಯ ಲ್ಯಾಪ್‌ಟಾಪಿನಲ್ಲಿಲ್ಲದ ಕೆಂಪು ಗೆರೆ

ನಮ್ಮ ಅತ್ತೆಗೆ ಒಂದು ಸಾಮಾನು ಕೊಳ್ಳುವುದೇ ಗೊತ್ತಿಲ್ಲ. ಕೊಂಡರೆ ಎರಡು. ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲಿ ಅವರು ಕಾಲು ಮಡಚಿ ಕೂತರೆಂದರೆ ಅಂಗಡಿಯವರು ಹೇಳಿಸಿಕೊಳ್ಳದೆಯೇ ಅದೇ ನೇಯ್ಗೆಯ ಇನ್ನೊಂದನ್ನು ಕಪಾಟಿನಿಂದ ಇಳಿಸಿಬಿಡುತ್ತಿದ್ದರು. ಒಂದು ನನಗೆ. ಇನ್ನೊಂದು ಭದ್ರಾವತಿಯಲ್ಲಿರುವ ನನ್ನ ವಾರಗಿತ್ತಿಗೆ, ಅಂದರೆ ನಮ್ಮ ಮನೆಯವರ ತಮ್ಮನ ಹೆಂಡತಿಗೆ. ಕುಕ್ಕರ್ ಎರಡು, ಬೆಳ್ಳಿಯ ಕುಂಕುಮದ ಭರಣಿ ಎರಡು, ಚಳಿಗೆ ರಗ್ಗು ಎರಡು. ಬಣ್ಣ ಬೇರೆಯಾದರೂ ಆಗಬಹುದು, ಬೆಲೆ ಬೇರೆಯಾಗಬಾರದು. ಸೊಸೆಯರ ನಡುವೆ ಮಾತು ಬರಬಾರದು ಎಂಬುದು ಅವರ ಆಸೆ. ಪಾಪ, ಒಳ್ಳೆಯ ಆಸೆಯೇ. ಆದರೆ ಒಂದೇ ತರಹದ ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟರೆ ಕಣ್ಣು ಮೊದಲು ಹುಡುಕುವುದು ಯಾವುದರಲ್ಲಿ ಏನು ಹೆಚ್ಚಿದೆ ಎನ್ನುವುದನ್ನು. ಅತ್ತೆಗೆ ವಾರಗಿತ್ತಿಯರೇ ಇರಲಿಲ್ಲ, ಹಾಗಾಗಿ ಅದು ಅವರಿಗೆ ಗೊತ್ತಾಗಲಿಲ್ಲ.

ಲ್ಯಾಪ್‌ಟಾಪುಗಳೂ ಹಾಗೆಯೇ ಬಂದವು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಪರದೆಯ ಮೇಲೆ ನಡೆಯತೊಡಗಿದಾಗ ಅಣ್ಣತಮ್ಮ ಇಬ್ಬರೂ ಮಕ್ಕಳಿಗೆ ಒಂದೊಂದು ತರಲು ಹೊರಟರು. ಅತ್ತೆ ಕೇಳಿದ್ದು, ಎರಡೂ ಒಂದೇ ಥರದ್ದು ಸಿಗುತ್ತದೋ ಇಲ್ಲವೋ ಎಂದಷ್ಟೇ. ಸಿಕ್ಕಿದವು. ಅದೇ ಅಂಗಡಿ, ಅದೇ ಕಂಪನಿ, ಅದೇ ಮಾಡೆಲ್, ಅದೇ ಬೂದು ಬಣ್ಣ. ಬಣ್ಣದಲ್ಲೂ ವ್ಯತ್ಯಾಸವಿಲ್ಲದೆ ನಮ್ಮಿಬ್ಬರ ಮನೆಗೆ ಬಂದ ಮೊದಲ ಜೋಡಿ ಅದು. ಶಾಲೆ ತೆರೆದ ಮೇಲೆ ಮಕ್ಕಳು ಅವನ್ನು ಮುಟ್ಟುವುದು ಬಿಟ್ಟರು. ಇಲ್ಲಿ ನನ್ನ ಪಾಲಿಗೆ ಒಂದು, ಅಲ್ಲಿ ಅವಳ ಪಾಲಿಗೆ ಒಂದು ಉಳಿಯಿತು.

ಅವಳ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವಳಲ್ಲ. ಹಾಗಿದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಚೆನ್ನಾಗಿ ಹಾಡುತ್ತಾಳೆ, ನಾನು ಹಾಡಿದರೆ ಓದಿದ ಹಾಗಿರುತ್ತದೆ. ಅವಳ ಮನೆಯಲ್ಲಿ ದಾಸವಾಳ ಬೇಲಿ ದಾಟಿ ಹೂ ಬಿಡುತ್ತದೆ. ಆಲ್ಕೊಳದ ನಮ್ಮ ಮನೆಯ ಕುಂಡದಲ್ಲಿ ಮೊಗ್ಗು ಹಾಗೇ ಉದುರುತ್ತದೆ. ಅತ್ತೆ ವರ್ಷದ ಹೆಚ್ಚು ಕಾಲ ಇರುವುದು ಅಲ್ಲೇ. ಭದ್ರಾವತಿಯ ಆ ಹಳೆಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮೆಟ್ಟಿಲಿಲ್ಲ, ಅಂಗಳ ದೊಡ್ಡದು, ಮಾತಿಗೆ ನೆರೆಯವರಿದ್ದಾರೆ ಎಂದು ಕಾರಣ ಕೊಡುತ್ತಾರೆ. ಕಾರಣಗಳೆಲ್ಲ ಸರಿಯಾದವೇ. ಸಂಜೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತಾಗ ಆ ದಿನ ಶಿವ ಕೊಟ್ಟದ್ದನ್ನು ನೆನೆಸಿಕೊಳ್ಳುವ ಅಭ್ಯಾಸ ನನಗೆ ಅಮ್ಮನಿಂದ ಬಂದದ್ದು. ಹಾಲು ಉಕ್ಕಲಿಲ್ಲ. ಮೊಣಕಾಲು ನೋಯಲಿಲ್ಲ. ಒಣಹಾಕಿದ ಬಟ್ಟೆ ಮಳೆಗೆ ಮೊದಲೇ ನೆನಪಾಯಿತು. ಇಂಥವೇ ಸಣ್ಣಪುಟ್ಟವು. ಆದರೆ ಹೊಟ್ಟೆಕಿಚ್ಚಿನ ದಿನಗಳಲ್ಲಿ ನನಗೆ ಕೊಟ್ಟದ್ದನ್ನು ಎಣಿಸಲು ಕೂತವಳು ಅವಳಿಗೆ ಕೊಟ್ಟದ್ದನ್ನು ಎಣಿಸಿ ಏಳುತ್ತೇನೆ.

ಒಂದು ಯುಗಾದಿಗೆ ಎಲ್ಲರೂ ಭದ್ರಾವತಿಯಲ್ಲಿ ಸೇರಿದ್ದೆವು. ಹಬ್ಬದ ಫೋಟೋಗಳನ್ನು ಹಂಚಿಕೊಳ್ಳಲೆಂದು ನಾನು ನನ್ನ ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಅತ್ತೆಯ ಮಂಚದ ಮೇಲೆ ಎರಡನ್ನೂ ಅಕ್ಕಪಕ್ಕ ತೆರೆದಿಟ್ಟೆವು. ಒಳಗೆ ಜಾಗ ಎಷ್ಟಿದೆ ಎಂದು ತೋರಿಸುವ ಪುಟವೊಂದಿರುತ್ತದೆ. ಅವಳದರಲ್ಲಿ ಒಂದೇ ಡ್ರೈವು, ಒಂದೇ ನೀಲಿ ಗೆರೆ, ಅದೂ ಅರ್ಧ ಖಾಲಿ. ನನ್ನದರಲ್ಲಿ ಅಂಥದೇ ನೀಲಿ ಗೆರೆಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಡ್ರೈವು ಹುಟ್ಟಿಕೊಂಡಿತ್ತು. ಅದರ ಗೆರೆ ಕಂಠಮಟ್ಟ ತುಂಬಿ ಕೆಂಪಗಾಗಿತ್ತು.

"ಅಕ್ಕ, ನಿಮ್ದ್ರಲ್ಲಿ ಕೆಂಪು ಬಂದಿದೆ ನೋಡಿ. ಏನೋ ತುಂಬ್ಕೊಂಡಿದೆ" ಎಂದಳು.

ಅವಳು ಹೇಳಿದ್ದು ಕಂಡದ್ದನ್ನಷ್ಟೇ. ನನಗೆ ಮಾತ್ರ ನೆಂಟರೆಲ್ಲ ಕೂತಿರುವಾಗ ನಮ್ಮ ಮನೆಯ ಅಂಗಳ ಗುಡಿಸಿಲ್ಲ ಎಂದು ಹೇಳಿದ ಹಾಗಾಯಿತು. ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ಮನೆಯವರ ಹತ್ತಿರ, ಅಂಗಡಿಯವರು ಯಾರೋ ಬಳಸಿ ಬಿಟ್ಟದ್ದನ್ನು ನಮಗೆ ಕಟ್ಟಿದ್ದಾರೆ, ಹೊಸದನ್ನು ಅವರಿಗೆ ಕೊಟ್ಟಿದ್ದಾರೆ ಎಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು. ಮದುವೆಯಾದಾಗಿನಿಂದ ಇಂಥ ಮಾತಿಗೆ ಅವರು ತಿರುಗುವುದು ಕಿಟಕಿಯ ಕಡೆಗೇ.

ಆಮೇಲೆ ಒಂದು ದಿನ ಅವರ ಆಫೀಸಿನ ಸ್ನೇಹಿತರೊಬ್ಬರು ಮನೆಗೆ ಬಂದರು. ಕಂಪ್ಯೂಟರ್ ಗೊತ್ತಿದ್ದವರು. ಕಾಫಿ ಕೊಟ್ಟು, ಕಾಫಿಯ ಹಿಂದೆಯೇ ಲ್ಯಾಪ್‌ಟಾಪನ್ನೂ ಇಟ್ಟೆ. ಅವರು ಆ ಪುಟ್ಟ ಡ್ರೈವನ್ನು ನೋಡಿ, ಇದರ ಮೇಲೆ ರಿಕವರಿ ಎಂದು ಬರೆದಿದೆ, ತೆಗೆಯುವುದು ಬೇಡವೇನೋ ಎಂದು ಅನುಮಾನಿಸಿದರು. ಭದ್ರಾವತಿಯಲ್ಲಿ ಇದರ ಜೊತೆಯದೇ ಇನ್ನೊಂದು ಇದೆ, ಅದರಲ್ಲಿ ಈ ಡ್ರೈವು ಇಲ್ಲ, ಇಲ್ಲದೆಯೇ ಅದು ಚೆನ್ನಾಗಿ ನಡೆಯುತ್ತಿದೆ ಎಂದೆ. ಕಾಫಿ ಆರುವುದರೊಳಗೆ ಅದನ್ನು ಅಳಿಸಿ, ಆ ಜಾಗವನ್ನು ಪಕ್ಕದ ದೊಡ್ಡ ಡ್ರೈವಿಗೆ ಸೇರಿಸಿಕೊಟ್ಟರು. ಕೆಂಪು ಹೋಯಿತು. ಜೊತೆಗೆ ನನ್ನ ಖಾಲಿ ಜಾಗ ಅವಳದಕ್ಕಿಂತ ಒಂದಿಷ್ಟು ಹೆಚ್ಚೇ ಆಯಿತು. ಹೋಳಿಗೆಯ ಹೂರಣಕ್ಕೆ ಬೆಲ್ಲದ ಪಾಕ ಕೇಳುವ ನೆಪದಲ್ಲಿ ಭದ್ರಾವತಿಗೆ ಫೋನು ಮಾಡಿ ಆ ಸಂಗತಿಯನ್ನೂ ಹೇಳಿದೆ. ಆ ಸಂಜೆ ಪೂಜೆಗೆ ಕೂತಾಗ ನೆನೆಸಿಕೊಂಡ ಉಪಕಾರಗಳಲ್ಲಿ ಅದೂ ಒಂದು.

ಇನ್ನು ಆ ಲ್ಯಾಪ್‌ಟಾಪಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದು. ಶ್ರಾವಣದ ತಿಂಗಳಿಡೀ ಸಂಜೆ ನಮ್ಮ ಹೆಂಗಸರ ಬಳಗದ ವಚನ ಪಾರಾಯಣ ನಡೆಯುತ್ತದೆ. ಮೊದಲು ಯಾರದಾದರೂ ಮನೆಯಲ್ಲಿ ಸೇರುತ್ತಿದ್ದೆವು. ಕೊರೊನಾ ಕಾಲದಲ್ಲಿ ಅದು ವಿಡಿಯೋ ಕಾಲಿಗೆ ಬಂದು, ಆಮೇಲೂ ಅಲ್ಲೇ ನಿಂತಿತು. ಮೊಣಕಾಲು ನೋವಿನವರು, ಹೊಳಲೂರಿನಂಥ ಕಡೆಯಿಂದ ಸಂಜೆ ಬಂದು ಹೋಗಲು ಆಗದವರು, ಭದ್ರಾವತಿಯಲ್ಲಿರುವ ಅತ್ತೆ ಮತ್ತು ವಾರಗಿತ್ತಿ, ಎಲ್ಲರಿಗೂ ಅದೇ ಅನುಕೂಲವಾಯಿತು. ನಡೆಸುವವಳು ನಾನು. ದಿನಕ್ಕೊಂದು ವಚನವನ್ನು ದಪ್ಪ ಅಕ್ಷರದಲ್ಲಿ ಟೈಪು ಮಾಡಿ, ಪದ ಒಡೆದು, ಕೆಳಗೆ ಕಷ್ಟದ ಮಾತುಗಳ ಅರ್ಥ ಹಾಕಿ, ಪರದೆಯ ಮೇಲೆ ತೋರಿಸುತ್ತೇನೆ. ಕನ್ನಡಕ ಮರೆತು ಕೂತವರೂ ಓದಬಹುದು. ಮುಂದಿನ ಶ್ರಾವಣದ ಪುಟಗಳನ್ನು ವರ್ಷವೆಲ್ಲ ಮಧ್ಯಾಹ್ನದ ಹೊತ್ತು ಕೂತು ಮಾಡಿಟ್ಟುಕೊಳ್ಳುತ್ತೇನೆ. ಹಾಡಲು ಬಾರದವಳನ್ನು, ನಾಲ್ಕು ಜನರೆದುರು ಮಾತು ತಡವರಿಸುವವಳನ್ನು, ಆ ತಿಂಗಳು ಮಾತ್ರ ಎಲ್ಲರೂ ಕಾಯುತ್ತಾರೆ. ನಾನು ಒಳಗೆ ಬಿಡದೆ ಯಾರೂ ಒಳಗೆ ಬರುವಂತಿಲ್ಲ. ಇದನ್ನು ನಾನು ಸೇವೆ ಎನ್ನುತ್ತೇನೆ. ಸೇವೆಯೇ. ಆದರೆ ನನ್ನದು ಎಂದು ಹೇಳಿಕೊಳ್ಳಲು ಇರುವ ಒಂದೇ ಪೀಠವೂ ಅದೇ, ಮತ್ತು ಅದು ಭದ್ರಾವತಿಯಲ್ಲಿ ಇಲ್ಲ.

ಹೋದ ವರ್ಷ ಶ್ರಾವಣದ ಮೊದಲ ಸೋಮವಾರಕ್ಕೆ ಪಾರಾಯಣ ಶುರುವಾಗಬೇಕಿತ್ತು. ಅದರ ಹಿಂದಿನ ಶುಕ್ರವಾರ ಮಧ್ಯಾಹ್ನ ಲ್ಯಾಪ್‌ಟಾಪು ತನ್ನಷ್ಟಕ್ಕೆ ಅಪ್‌ಡೇಟ್ ಮಾಡಿಕೊಳ್ಳುತ್ತಿತ್ತು. ಅದರ ಬ್ಯಾಟರಿ ಸತ್ತು ಬಹಳ ದಿನವಾಗಿತ್ತು, ಚಾರ್ಜರ್ ಚುಚ್ಚಿದರೆ ಮಾತ್ರ ಜೀವ. ನಡುವೆ ಕರೆಂಟು ಹೋಯಿತು. ಬಂದ ಮೇಲೆ ಒತ್ತಿದರೆ ನೀಲಿ ಪರದೆ. ಕಂಪ್ಯೂಟರಿಗೆ ರಿಪೇರಿ ಬೇಕು, ರಿಪೇರಿಗೆ ಬೇಕಾದದ್ದು ಇದರಲ್ಲಿ ಇಲ್ಲ ಎಂಬರ್ಥದ ಇಂಗ್ಲಿಷು. ಮತ್ತೆ ಒತ್ತಿದೆ. ವಿಭೂತಿ ಹಚ್ಚಿ ಒತ್ತಿದೆ. ಅದೇ ಮಾತು.

ಬಳಗದ ಹಿರಿಯರೊಬ್ಬರಿಗೆ ಫೋನಿನಲ್ಲಿ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಿದ ರೀತಿ ಹೀಗಿತ್ತು: "ಅದಕ್ಯಾಕೆ ಅಷ್ಟು ಹೆದರ್ತೀಯ ಮಾರಾಯ್ತಿ? ಭದ್ರಾವತಿಲಿ ನಿನ್ನ ವಾರಗಿತ್ತಿ ಹತ್ರ ಅಂಥದ್ದೇ ಇದೆಯಲ್ಲ. ಈ ಸಲ ಅವಳೇ ನಡೆಸ್ಲಿ. ಹಾಡೂ ಆಗುತ್ತೆ, ಪಾರಾಯಣನೂ ಆಗುತ್ತೆ." ನಾನು ಹ್ಞೂಂ ಎಂದೆ. ನನ್ನ ಬಾಯಿಗೆ ಹ್ಞೂಂ ಎನ್ನುವುದು ಬಹಳ ರೂಢಿ. ಅರ್ಧ ಗಂಟೆಯೊಳಗೆ ಅವರು ಅವಳಿಗೂ ಫೋನು ಮಾಡಿ ತಿಳಿಸಿದ್ದರು.

ಶನಿವಾರ ಬೆಳಿಗ್ಗೆಯೇ ಪೇಟೆಯ ರಿಪೇರಿ ಅಂಗಡಿಗೆ ಹೋದೆ. ಅಲ್ಲಿದ್ದವರು ನೋಡಿ, ಒಳಗಿನ ಡಿಸ್ಕು ಒಂದು ಮನೆ ಇದ್ದ ಹಾಗೆ, ಅದನ್ನು ಕೋಣೆಗಳಾಗಿ ಮಾಡಿರುತ್ತಾರೆ ಎಂದು ಬಿಡಿಸಿ ಹೇಳಿದರು. ಅದರಲ್ಲೊಂದು ಸಣ್ಣ ಕೋಣೆಯಲ್ಲಿ ಕಂಪನಿಯವರು ರಿಪೇರಿಯ ಸಾಮಾನು ಇಟ್ಟು ಕಾಣದ ಹಾಗೆ ಬಾಗಿಲು ಮುಚ್ಚಿರುತ್ತಾರೆ; ಅದೇ ರಿಕವರಿ ಪಾರ್ಟಿಷನ್. ಕೆಲವು ಸಲ ಅಪ್‌ಡೇಟ್ ಆದ ಮೇಲೆ ಆ ಬಾಗಿಲು ತೆರೆದುಕೊಂಡು ಅದೂ ಒಂದು ಡ್ರೈವಿನಂತೆ ಕಾಣುವುದುಂಟು. ಅದು ಯಾವಾಗಲೂ ತುಂಬಿಯೇ ಇರುತ್ತದೆ, ಹಾಗಾಗಿ ಕೆಂಪು. "ನಿಮ್ದ್ರಲ್ಲಿ ಆ ಪಾರ್ಟಿಷನ್ನೇ ಇಲ್ವಲ್ಲ ಮೇಡಂ. ಯಾರಾದ್ರೂ ತೆಗೆದ್ರಾ?" ಎಂದು ಕೇಳಿದರು.

ನಾನು ಗೋಡೆಗೆ ನೇತುಹಾಕಿದ್ದ ಚಾರ್ಜರುಗಳನ್ನು ನೋಡುತ್ತಾ ನಿಂತೆ.

ಅವರು ತೋರಿಸಿದ್ದು ಎರಡು ದಾರಿ. ಒಂದು, ಅಲ್ಲೇ ಬಿಟ್ಟುಹೋಗುವುದು. ಸರದಿಯಲ್ಲಿ ತುಂಬಾ ಇವೆ, ಮೊದಲು ಫೈಲುಗಳನ್ನು ಬೇರೆ ಕಡೆ ತೆಗೆದಿಟ್ಟು ಆಮೇಲೆ ಫಾರ್ಮ್ಯಾಟ್ ಮಾಡಬೇಕು, ಮುಂದಿನ ವಾರದ ಕೊನೆಗೆ ಕೊಟ್ಟಾರು. ಇನ್ನೊಂದು, ಇದೇ ಮಾಡೆಲ್ಲಿನ, ಸರಿಯಾಗಿರುವ ಲ್ಯಾಪ್‌ಟಾಪು ಯಾರ ಹತ್ತಿರವಾದರೂ ಇದ್ದರೆ ಅದರಿಂದ ರಿಕವರಿ ಪೆನ್‌ಡ್ರೈವ್ ಮಾಡಿಕೊಂಡು ಇದಕ್ಕೆ ಚುಚ್ಚಿ ನೋಡುವುದು. ಅದೃಷ್ಟವಿದ್ದರೆ ಅಷ್ಟರಲ್ಲೇ ಎದ್ದು ಕೂರುತ್ತದೆ, ಫೈಲುಗಳೂ ಉಳಿಯುತ್ತವೆ. "ಆದ್ರೆ ಅದೇ ಮಾಡೆಲ್ ಈಗ ಎಲ್ಲಿ ಸಿಗುತ್ತೆ ಬಿಡಿ" ಎಂದು ಅವರೇ ಕೈಚೆಲ್ಲಿದರು.

ಶಿವ ಶಿವಾ ಎಂದುಕೊಂಡೆ. ಇಡೀ ಪ್ರಪಂಚದಲ್ಲಿ ಅದು ಇರುವ ಜಾಗ ನನಗೆ ಗೊತ್ತಿತ್ತು. ಯಾವ ಮೇಜಿನ ಮೇಲೆ, ಯಾವ ಕಸೂತಿ ಬಟ್ಟೆಯ ಕೆಳಗೆ ಇದೆ ಎಂಬುದೂ ಗೊತ್ತಿತ್ತು. ಅವರು ಹೇಳಿದ ಅಳತೆಯ ಪೆನ್‌ಡ್ರೈವ್ ಒಂದನ್ನು ಅಲ್ಲೇ ಕೊಂಡೆ. ಮನೆಗೆ ಬಂದು ಫೋನು ಕೈಗೆ ತೆಗೆದುಕೊಂಡೆ, ಕೆಳಗಿಟ್ಟೆ, ಬೇಳೆಗೆ ಒಗ್ಗರಣೆ ಹಾಕಿದೆ, ಮತ್ತೆ ತೆಗೆದುಕೊಂಡೆ. ಬೆಲ್ಲದ ಪಾಕ ಕೇಳಲು ಎಷ್ಟು ಸಲ ಮಾಡಿದ ನಂಬರು ಅದು. ಆದರೆ ಪಾಕ ನನಗೆ ಮೊದಲೇ ಗೊತ್ತಿರುತ್ತಿತ್ತು. ಇದು ನಿಜವಾಗಿ ಬೇಕಾಗಿತ್ತು. ಕೊನೆಗೆ ನಮ್ಮ ಮನೆಯವರೇ, ತಮ್ಮನ ಮನೆಗೆ ಹೋಗಲು ಇಷ್ಟು ಯೋಚನೆಯೇ ಎಂದು ಫೋನು ಕಿತ್ತುಕೊಂಡು, ನಾಳೆ ಇವಳು ಬರುತ್ತಾಳೆ ಎಂದಷ್ಟೇ ಹೇಳಿ ಇಟ್ಟರು. ಯಾಕೆ ಎಂದು ಹೇಳುವ ಕೆಲಸ ನನಗೇ ಉಳಿಯಿತು.

ಭಾನುವಾರ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅದೊಂದು ಉಪಕಾರ. ಲ್ಯಾಪ್‌ಟಾಪಿನ ಚೀಲವನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ದಾರಿಯುದ್ದಕ್ಕೂ ಮಾತು ಕಟ್ಟಿದೆ. ಆದೇಶ ಕೊಟ್ಟ ಹಾಗಿರಬೇಕು, ಆದರೆ ಒರಟಾಗಬಾರದು. ಬೇಡಿದ ಹಾಗಂತೂ ಇರಲೇಬಾರದು. ಹಿರಿಯಳು ನಾನು. ಭದ್ರಾವತಿಯಲ್ಲಿ ಇಳಿದಾಗ ಕಟ್ಟಿದ ಮಾತೆಲ್ಲ ಬಸ್ಸಿನಲ್ಲೇ ಉಳಿದಿತ್ತು. ಬಾಗಿಲು ತೆರೆದವಳ ಮುಖ ನೋಡಿ, "ನಿನ್ನಿಂದ ಒಂದು ಸಹಾಯ ಆಗ್ಬೇಕು ಕಣೇ" ಎಂದುಬಿಟ್ಟೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಒಂದು ಗಳಿಗೆ ಏನೂ ಹೇಳದೆ ನಿಂತು, ಆಮೇಲೆ "ಮೊದ್ಲು ಒಳಗ್ ಬನ್ನಿ ಅಕ್ಕ" ಎಂದಳು. ಆ ಒಂದು ಗಳಿಗೆಯನ್ನು ನಾನು ಗಮನಿಸಿದೆ.

ಅತ್ತೆಯ ಅದೇ ಮಂಚದ ಮೇಲೆ ಎರಡು ಲ್ಯಾಪ್‌ಟಾಪುಗಳು ಮತ್ತೆ ಅಕ್ಕಪಕ್ಕ ಕೂತವು. ಅವಳದಕ್ಕೆ ಪೆನ್‌ಡ್ರೈವ್ ಚುಚ್ಚಿ, ರಿಕವರಿ ಡ್ರೈವ್ ಮಾಡು ಎಂಬಲ್ಲಿ ಒತ್ತಿದಳು. ಹಸಿರು ಗೆರೆಯೊಂದು ಎಡಗಡೆಯಿಂದ ಹೊರಟಿತು. ಅಷ್ಟು ನಿಧಾನ ಹೋಗುವ ವಸ್ತುವನ್ನು ನಾನು ಕಂಡಿರಲಿಲ್ಲ. ಇರುವೆಯಾದರೂ ಆ ಹೊತ್ತಿಗೆ ಅಂಗಳ ದಾಟುತ್ತಿತ್ತು. ಎದ್ದು ಹೋಗುವಂತಿಲ್ಲ, ಸುಮ್ಮನೆ ಕೂತರೆ ಕಣ್ಣು ಸುಮ್ಮನಿರುವುದಿಲ್ಲ. ಅವಳ ಪೂಜೆಯ ಗೂಡಿನಲ್ಲಿ ಬಿಲ್ವಪತ್ರೆ ಆಗಷ್ಟೇ ಕಿತ್ತು ತಂದ ಹಾಗಿತ್ತು. ಅತ್ತೆಯ ಕನ್ನಡಕಕ್ಕೆ ಹೊಸ ದಾರ ಕಟ್ಟಿತ್ತು. ಅವಳ ಕುಕ್ಕರಿನ ಹಿಡಿ, ನನ್ನದರ ಜೊತೆಯದೇ, ಇನ್ನೂ ಗಟ್ಟಿಯಾಗಿತ್ತು. ನನ್ನದು ಸಡಿಲವಾಗಿ ದಾರ ಸುತ್ತಿದ್ದೇನೆ. ಅಕ್ಕಿ ರೊಟ್ಟಿ ತಟ್ಟಿದಳು, ತೆಳ್ಳಗೆ, ಅಂಚು ಒಡೆಯದ ಹಾಗೆ. ಪಕ್ಕದ ಮನೆಯ ತಮಿಳು ಹೆಂಗಸು ತಟ್ಟೆ ವಾಪಸು ಕೊಡಲು ಬಂದವರು ನನ್ನನ್ನು ನೋಡಿ, ತಮ್ಮ ಮನೆಯ ಕರೆಂಟ್ ಬಿಲ್ಲು, ಗ್ಯಾಸು, ರೈಲ್ವೆ ಟಿಕೇಟು ಎಲ್ಲ ಇವಳೇ ಮಾಡಿಕೊಡುವುದು, ಇಂಥ ತಂಗಿ ಸಿಗಲು ನೀವು ಪುಣ್ಯ ಮಾಡಿದ್ದಿರಿ ಎಂದು ಹೊಗಳಿದರು. ಹೌದು ಹೌದು ಎಂದೆ. ರೊಟ್ಟಿ ಚೆನ್ನಾಗಿತ್ತು. ಅದೂ ಒಂದು ತೊಂದರೆಯೇ.

ಗೆರೆ ಅರ್ಧ ದಾರಿ ಸವೆಸಿದ್ದಾಗ ಅವಳು ಕೇಳಿದಳು, "ಅದೆಂಗೆ ಹೋಯ್ತು ಅಕ್ಕ ನಿಮ್ ಪಾರ್ಟಿಷನ್ನು? ನಂದು ಇದೆ, ಹೊರಗೆ ಕಾಣ್ಸಲ್ಲ ಅಷ್ಟೇ."

ಸುಳ್ಳು ಹೇಳಬಹುದಿತ್ತು. ಆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಅವಳ ಪೂಜೆಯ ಗೂಡು ಇತ್ತು. "ಯುಗಾದಿಲಿ ಕೆಂಪು ಗೆರೆ ಇದೆ ಅಂದಿದ್ಯಲ್ಲ. ತೆಗೆಸ್ದೆ" ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಿನ್ನದಕ್ಕಿಂತ ಜಾಸ್ತಿ ಜಾಗ ಇದೆ ಅಂತ ಫೋನ್ ಮಾಡಿದ್ರಲ್ಲ, ಅದು ಇದ್ರಿಂದ್ಲಾ? ಆವತ್ತು ನಾನು ಕೂತ್ಕೊಂಡು ಮಕ್ಳ ಆಟಗಳನ್ನೆಲ್ಲ ಅಳ್ಸಾಕ್ದೆ. ನಿಮ್ಮಷ್ಟಾದ್ರೂ ಆಗ್ಲಿ ಅಂತ. ಮಕ್ಳು ಎರಡು ದಿನ ಮಾತಾಡ್ಲಿಲ್ಲ."

ಮಂಚದ ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತಿದರು. "ಎರಡೂ ಒಂದೇ ಥರದ್ದು ತರ್ಸಿದ್ನಲ್ಲೇ. ಜಾಸ್ತಿ ಕಮ್ಮಿ ಎಲ್ಲಿಂದ ಬಂತು?" ಎಂದು ಕೇಳಿದರು. ಅವರು ಬತ್ತಿಯನ್ನು ಇನ್ನೊಂದರ ಪಕ್ಕ ಇಟ್ಟು ಅಳತೆ ನೋಡಿಕೊಂಡರು.

ಅತ್ತೆ ಮುಖ ತೊಳೆಯಲು ಎದ್ದು ಹೋದ ಮೇಲೆ ಅವಳು ದನಿ ಇಳಿಸಿದಳು. "ಅಕ್ಕ, ಒಂದು ಮಾತು ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಶುಕ್ರವಾರ ನಿಮ್ದು ಕೆಟ್ಟೋಯ್ತು ಅಂತ ಫೋನ್ ಬಂತಲ್ಲ, ನಂಗೆ ಒಳಗೊಳಗೇ ಖುಷಿ ಆಯ್ತು. ಸೋಮವಾರಕ್ಕೆ ಸೀರೆನೂ ತೆಗ್ದಿಟ್ಟೆ."

"ಯಾವ್ದು?"

"ಹಸಿರು. ನಿಮ್ ಮೆರೂನ್ ಇದೆಯಲ್ಲ, ಅದ್ರ ಜೊತೆದು."

ಆ ಹಸಿರು ಸೀರೆ ನನಗೆ ಗೊತ್ತು. ಗಾಂಧಿ ಬಜಾರಿನಲ್ಲಿ ಎರಡನ್ನೂ ಹರಡಿದಾಗ ನನ್ನ ಕೈ ಹಸಿರಿನ ಮೇಲಿತ್ತು. ಹಿರಿಸೊಸೆ ಮೊದಲು ಆರಿಸಲಿ ಎಂದು ಅತ್ತೆ ಹೇಳಿದಾಗ, ದೊಡ್ಡವಳಾಗಿ ಬಣ್ಣದ ಆಸೆ ತೋರಿಸಬಾರದೆಂದು ಮೆರೂನ್ ಎತ್ತಿಕೊಂಡಿದ್ದೆ. ಅದನ್ನು ಈಗಲೂ ಹೇಳಲಿಲ್ಲ.

"ಮತ್ತೆ ಇದನ್ನ ಯಾಕೆ ಮಾಡಿ ಕೊಡ್ತಿದೀಯ? ಆಗಲ್ಲ ಅಂದಿದ್ರೆ ನಂಗೇನು ಗೊತ್ತಾಗ್ತಿತ್ತು?" ಎಂದೆ.

"ನೀವು ಬಾಗಿಲಲ್ಲಿ ನಿಂತು ಕೇಳಿದ್ರಲ್ಲ" ಎಂದಳು. "ಮದ್ವೆಯಾಗಿ ಬಂದಾಗಿಂದ ನೀವು ನನ್ ಹತ್ರ ಬೆಲ್ಲದ ಪಾಕ ಬಿಟ್ಟು ಏನೂ ಕೇಳಿರ್ಲಿಲ್ಲ. ಇವತ್ತು ಇಲ್ಲ ಅಂದ್ರೆ ಇನ್ನು ಯಾವತ್ತೂ ಕೇಳಲ್ಲ ಅಂತ ಗೊತ್ತಿತ್ತು."

ಕಣ್ಣು ಒದ್ದೆಯಾಗಬೇಕಾದ ಜಾಗ ಅದು. ನನಗೆ ಆದದ್ದೇ ಬೇರೆ. ಹೊಟ್ಟೆಕಿಚ್ಚು ನನಗೂ ಇದೆ, ಅವಳಿಗೂ ಇದೆ. ಅದನ್ನು ಮುಖ ನೋಡಿ ಹೇಳುವ ಧೈರ್ಯವನ್ನು ಮಾತ್ರ ಶಿವ ಅವಳಿಗೇ ಕೊಟ್ಟನಲ್ಲ ಎಂದು ಅದರ ಮೇಲೂ ಹೊಟ್ಟೆ ಉರಿಯಿತು. ಅತ್ತೆ ಎರಡೆರಡು ತರುತ್ತಾರೆ. ಶಿವನಿಗೆ ಆ ನೇಮವಿಲ್ಲ.

ಗೆರೆ ಬಲಗಡೆಯ ತುದಿ ಮುಟ್ಟಿದಾಗ ಹೊರಗೆ ಬಿಸಿಲು ಇಳಿದಿತ್ತು. ಪೆನ್‌ಡ್ರೈವನ್ನು ಅವಳದರಿಂದ ತೆಗೆದು ನನ್ನದಕ್ಕೆ ಚುಚ್ಚಿದೆವು. ಕೀಲಿಯೊಂದನ್ನು ಒತ್ತಿ ಹಿಡಿದು ಶುರು ಮಾಡಬೇಕು. ಯಾವ ಕೀಲಿ ಎಂದು ಅವಳು ತನ್ನದರಲ್ಲೇ ಪ್ರಯತ್ನಿಸಿ ಮೊದಲೇ ನೋಡಿಕೊಂಡಿದ್ದಳು. ಪರದೆ ನೀಲಿಯಾಯಿತು. ಈ ಸಲ ಇಲ್ಲ ಎನ್ನುವ ಬದಲು, ಏನು ಮಾಡಲಿ ಎಂದು ಕೇಳಿತು. ಮೇಲೊಂದು ದಾರಿ, ಕೆಳಗೊಂದು ದಾರಿ. ಮೇಲಿನದರಲ್ಲಿ ರಿಕವರಿ ಎಂಬ ಪದ ದೊಡ್ಡದಾಗಿ ಕಂಡಿತು. ನನಗೆ ಬೇಕಾದದ್ದು ಅದೇ ಅಲ್ಲವೇ ಎಂದು ಬೆರಳು ಹೋಗಿಯೇ ಬಿಟ್ಟಿತ್ತು.

ಅವಳು ನನ್ನ ಮಣಿಕಟ್ಟು ಹಿಡಿದಳು. ಬಳೆ ಒತ್ತುವಷ್ಟು ಗಟ್ಟಿಯಾಗಿ. "ಅದಲ್ಲ. ಅದು ಎಲ್ಲಾ ಅಳ್ಸಿ ಹೊಸದಾಗಿ ಮಾಡೋದು. ನಿಮ್ ಪುಟಗಳೆಲ್ಲ ಹೋಗುತ್ತೆ."

ವರ್ಷವೆಲ್ಲ ಮಧ್ಯಾಹ್ನ ಮಲಗದೆ ಟೈಪು ಮಾಡಿದ ಪುಟಗಳು. ಅವು ಹೋಗಿದ್ದರೆ ಅವಳ ಹಸಿರು ಸೀರೆಗೆ ಸೋಮವಾರ ಇನ್ನೂ ಕೆಲಸವಿರುತ್ತಿತ್ತು. ಅದು ಅವಳಿಗೆ ಹೊಳೆದಿರಲೂಬಹುದು. ಕೈ ಬಿಡದೆ ಕೆಳಗಿನ ದಾರಿಗೆ ತಾನೇ ಒಯ್ದು, ಸ್ಟಾರ್ಟಪ್ ರಿಪೇರಿ ಎಂಬಲ್ಲಿ ನನ್ನ ಬೆರಳಿನಿಂದಲೇ ಒತ್ತಿಸಿದಳು. ಚಕ್ರ ತಿರುಗಿತು. ನಾನು ಒಳಗೊಳಗೇ ಪಂಚಾಕ್ಷರಿ ಹಿಡಿದೆ. ಅತ್ತೆ ಗಟ್ಟಿಯಾಗಿಯೇ ಹೇಳಿದರು. ಲ್ಯಾಪ್‌ಟಾಪು ಒಮ್ಮೆ ಆರಿತು, ಮತ್ತೆ ಹೊತ್ತಿತು, ಆಮೇಲೆ ನಮ್ಮ ಮನೆಯ ಜಗುಲಿಯ ಫೋಟೋ ಪರದೆಯ ಮೇಲೆ ಬಂತು. ಶ್ರಾವಣ ಎಂಬ ಹೆಸರಿನ ಫೋಲ್ಡರನ್ನು ತೆರೆದು ನೋಡಿದೆ. ಮೊದಲ ಸೋಮವಾರದ ಪುಟ ಇತ್ತು. ಕೊನೆಯದೂ ಇತ್ತು.

ಪೆನ್‌ಡ್ರೈವನ್ನು ನಾನು ಚೀಲಕ್ಕೆ ಹಾಕಿಕೊಳ್ಳಲು ಹೋದಾಗ ಅವಳ ಕೈಯೂ ಅದರ ಕಡೆ ಬಂತು. ಪೆನ್‌ಡ್ರೈವ್ ನಾನು ಕೊಂಡದ್ದು. ಒಳಗಿರುವುದು ಅವಳದರಿಂದ ತೆಗೆದದ್ದು. ಇಬ್ಬರೂ ಕೈ ಹಿಂದೆ ತೆಗೆಯಲಿಲ್ಲ. ಅತ್ತೆ ಅದನ್ನು ನೋಡಿ, "ಅದೇನು ಒಂದೇ ಇದೆಯಾ?" ಎಂದರು. ಒಂದೇ ಎಂದೆವು. ಅವರಿಗೆ ಅದೇ ಸಂಕಟವಾಯಿತು. ಪೆನ್‌ಡ್ರೈವನ್ನು ನಮ್ಮಿಬ್ಬರ ನಡುವಿನಿಂದ ಎತ್ತಿಕೊಂಡು, ತಮ್ಮ ವಿಭೂತಿಯ ಡಬ್ಬಿ ತೆರೆದು, ವಿಭೂತಿ ಗಟ್ಟಿಯ ಪಕ್ಕ ಒಂದು ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟರು. "ನನ್ ಹತ್ರ ಇರ್ಲಿ. ಯಾರ್ದು ಕೆಟ್ರೂ ನನ್ನ ಕೇಳಿ" ಎಂದರು.

ಡಬ್ಬಿ ಅತ್ತೆಯದು. ಅತ್ತೆ ಇರುವುದು ಅವಳ ಮನೆಯಲ್ಲಿ. ವಾಪಸು ಬರುವ ಬಸ್ಸಿನಲ್ಲಿ ನಾನು ಲೆಕ್ಕ ಹಾಕಿದ್ದು ಅದನ್ನೇ.

ಸೋಮವಾರ ಸಂಜೆ ನಾನೇ ನಡೆಸಿದೆ. ಮೆರೂನ್ ಸೀರೆ ಉಟ್ಟಿದ್ದೆ. ಒಬ್ಬೊಬ್ಬರನ್ನೇ ಒಳಗೆ ಬಿಟ್ಟೆ. ಅವಳು ಹಸಿರು ಉಟ್ಟುಕೊಂಡೇ ಪರದೆಗೆ ಬಂದಳು, ಪಕ್ಕದಲ್ಲಿ ಅತ್ತೆ. ವಚನದ ಪುಟ ತೋರಿಸಿದೆ, ಓದಿದೆವು, ಅರ್ಥ ಹೇಳಿದೆ. ಎಲ್ಲರ ಧ್ವನಿ ಮುಚ್ಚುವ, ತೆರೆಯುವ ಗುಂಡಿ ನನ್ನ ಕೈಯಲ್ಲಿರುತ್ತದೆ. ಮೊದಲ ದಿನ ಯಾರು ಹಾಡಬೇಕು ಎಂಬುದೂ ನನ್ನ ಕೈಯಲ್ಲೇ. ಹೆಸರುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಅವಳ ಹೆಸರಿನ ಮುಂದಿನ ಗುಂಡಿ ಒತ್ತಿದೆ. ಹಾಡಿದಳು. ಪರದೆಯ ತುಂಬ ಹೃದಯದ ಗುರುತುಗಳು ಮೇಲೆದ್ದವು. ಹೊಳಲೂರಿನ ಹಿರಿಯರೊಬ್ಬರು ಆ ಕಂಠವನ್ನು ಬಾಯ್ತುಂಬ ಹೊಗಳಿ, ಆಮೇಲೆ ನನಗೆ, ಅಕ್ಷರ ಚೆನ್ನಾಗಿ ಕಂಡಿತು ಎಂದರು. ಅಕ್ಷರ ಕಾಣುವುದೇನು ಸಣ್ಣದೇ? ಆ ಸಂಜೆಯ ನನ್ನ ಪಾಲಿಗೆ ಅದನ್ನು ಇಟ್ಟುಕೊಂಡೆ. ಮಣಿಕಟ್ಟಿನಲ್ಲಿ ಬಳೆ ಒತ್ತಿದ ಗುರುತು ಇನ್ನೂ ಇತ್ತು. ಅದನ್ನೂ ಇಟ್ಟುಕೊಂಡೆ. ಅದು ಯಾರ ಪಾಲಿಗೆ ಸೇರಿದ್ದೆಂದು ಯೋಚಿಸಲು ಹೋಗಲಿಲ್ಲ.

ದೀಪಾವಳಿ ಕಳೆದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು, ಸ್ವಲ್ಪ ದಿನ ಇರಲೆಂದು. ಬ್ಯಾಗಿನಿಂದ ಒಂದೊಂದೇ ತೆಗೆಯುವಾಗ ವಿಭೂತಿಯ ಡಬ್ಬಿ ಹೊರಬಂದು ಪೂಜೆಯ ಗೂಡು ಸೇರಿತು. ಅವರು ಸ್ನಾನಕ್ಕೆ ಹೋದಾಗ ತೆರೆದು ನೋಡಿದೆ. ಬಟ್ಟೆಯ ಚೂರಿನಲ್ಲಿ ಅದು ಹಾಗೇ ಇತ್ತು, ಮೈಗೆಲ್ಲ ವಿಭೂತಿ ಬಳಿದುಕೊಂಡು. ನನ್ನ ಮನೆಯಲ್ಲಿ, ನನ್ನ ಪೂಜೆಯ ಗೂಡಿನಲ್ಲಿ. ಎಷ್ಟು ಸಮಾಧಾನವಾಯಿತೆಂದರೆ, ಕೈ ಒರೆಸಿಕೊಂಡು ನೇರ ಭದ್ರಾವತಿಗೆ ಫೋನು ಮಾಡಿದೆ. ಬೆಲ್ಲದ ಪಾಕದಿಂದ ಶುರು ಮಾಡಿ, ಪೆನ್‌ಡ್ರೈವ್ ಈಗ ನಮ್ಮಲ್ಲಿದೆ, ಅವಳದೇನಾದರೂ ಕೆಟ್ಟರೆ ಸಂಕೋಚವಿಲ್ಲದೆ ಇಲ್ಲಿಗೇ ಬರಬೇಕು ಎಂದು ಹೇಳಿದೆ.

"ಬರ್ತೀನಿ ಅಕ್ಕ, ಅದಕ್ಕೇನು" ಎಂದಳು. "ಆದ್ರೆ ಅತ್ತೆ ನಿಮ್ಮನೆಗೆ ಹೊರಟಾಗ್ಲೇ ನಂಗೆ ಅನ್ನಿಸ್ತು. ನಾನು ಇನ್ನೊಂದು ಮಾಡಿ ಇಟ್ಕೊಂಡಿದೀನಿ."

ಎಷ್ಟು ಜಿಬಿಯದು ಎಂದು ಕೇಳಬಾರದು ಎಂದುಕೊಂಡೆ. ಕೇಳಿದೆ.